ಬಚ್ಚಲುಮನೆಯ ನೆಲ ಮತ್ತು ಮರದ ಚೌಕಟ್ಟು: ನೀರಿನಿಂದ ಕೆಟ್ಟಾಗ ದುರಸ್ತಿ ಮಾಡುವ ಕ್ರಮ



ತೋಟದಲ್ಲಿ ನೀರು ನಿಂತರೆ ಏನಾಗುತ್ತದೆಂಬುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಸಿಗಾಲುವೆ ಮುಚ್ಚಿಹೋದ ಅಡಕೆ ತೋಟದಲ್ಲಿ ಬೇರು ಕೊಳೆತು ಮರ ಹಳದಿಗಟ್ಟುವುದನ್ನು ನಾವೆಲ್ಲರೂ ಕಂಡವರೇ. ಆದ್ದರಿಂದಲೇ ಮಳೆಗಾಲಕ್ಕೆ ಮುಂಚೆ ಕಾಲುವೆ ಬಿಡಿಸಲು ಆಳು ಸಿಗದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ಆದರೆ ದಿನಕ್ಕೆ ನೂರಾರು ಲೀಟರ್ ನೀರು ಸುರಿಯುವ ಜಾಗವೊಂದು ನಮ್ಮ ಮನೆಯೊಳಗೇ ಇದೆ. ಅಲ್ಲಿಯ ನೀರು ಎಲ್ಲಿ ಹೋಗುತ್ತದೆಂದು ನಾವು ವರ್ಷಕ್ಕೊಮ್ಮೆಯೂ ಬಗ್ಗಿ ನೋಡುವುದಿಲ್ಲ. ಅದು ಬಚ್ಚಲುಮನೆ.

ಈ ಲೇಖನ ಬರೆಯುವುದಕ್ಕೆ ನನ್ನ ಮನೆಯಲ್ಲೇ ನಡೆದ ಒಂದು ಪ್ರಸಂಗ ಕಾರಣ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಆದರೂ ಇಂತಹುದೇ ಸ್ಥಿತಿ ಹಲವು ಸದಸ್ಯರ ಮನೆಗಳಲ್ಲಿ ಇರುವುದನ್ನು ಆಮೇಲೆ ಕಂಡದ್ದರಿಂದ ಬರೆಯುವುದು ಕರ್ತವ್ಯವೆನಿಸಿತು.

ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ. ಬಚ್ಚಲುಮನೆ ಮೊದಲು ಹಿತ್ತಿಲ ಕಡೆ ಬೇರೆಯಾಗಿತ್ತು. ವಯಸ್ಸಾದವರು ಮಳೆಯಲ್ಲಿ ಅಷ್ಟು ದೂರ ಹೋಗಬಾರದೆಂದು 1996ರಲ್ಲಿ ತಂದೆಯವರು ಪಡುವಣ ಜಗಲಿಯ ಒಂದು ತುದಿಯನ್ನು ಮುಚ್ಚಿಸಿ ಹೊಸ ಬಚ್ಚಲು ಮಾಡಿಸಿದರು. ಒಂದು ಬದಿಗೆ ಹಳೆಯ ಮಣ್ಣಿನ ಗೋಡೆ. ಇನ್ನೊಂದು ಬದಿಗೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಇಟ್ಟಿಗೆ ತುಂಬಿ, ಮೇಲೆ ಸಿಮೆಂಟು ಗಾರೆ. ಜಗಲಿಯ ಮಾಡಿನ ಪಕಾಸುಗಳ ತುದಿ ಕೂತದ್ದು ಇದೇ ಚೌಕಟ್ಟಿನ ಮೇಲೆ. ಬಿಸಿನೀರಿನ ಜಿ.ಐ. ಪೈಪು ಗೋಡೆಯ ಒಳಗೇ ಹಾದುಬಂದಿತ್ತು. ಆ ಕಾಲಕ್ಕೆ ಅದು ಒಳ್ಳೆಯ ಕೆಲಸವೇ.

2022ರ ಜನವರಿಯಲ್ಲಿ ತಾಯಿಯವರು, “ಈ ನೆಲ ಟೊಳ್ಳು ಶಬ್ದ ಮಾಡ್ತದೆ ಕಣೋ, ಮೇಸ್ತ್ರಿಗೆ ಒಂದು ಮಾತು ಹೇಳು” ಎಂದರು. ಕಾಫಿ ಕೊಯ್ಲು ನಡೆಯುತ್ತಿತ್ತು. ಅಡಕೆ ಸುಲಿಯುವವರು ಆಗಷ್ಟೇ ಬಂದಿದ್ದರು. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ಮೆತ್ತಿಸಿ ಕೈತೊಳೆದುಕೊಂಡೆ. ದಾರಂದದ ಬುಡ ಕಪ್ಪಾಗಿದ್ದುದನ್ನು ಕಂಡು ಅದಕ್ಕೆ ಬಣ್ಣ ಹೊಡೆಸಿದೆ. ಮರುವರ್ಷ ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಅವರ ಕಾಲಡಿಯ ಟೈಲ್ಸ್ ಒಡೆದು ಅಂಗೈ ಆಳಕ್ಕೆ ಕುಸಿಯಿತು. ಅವರು ದಾರಂದವನ್ನು ಹಿಡಿದುಕೊಂಡರು. ಬುಡವಿಲ್ಲದ ದಾರಂದ ಕೈಯೊಂದಿಗೇ ವಾಲಿತು. ಬಲಗೈ ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಬೇಕಾಯಿತು. ಎಂಬತ್ತರ ವಯಸ್ಸಿನಲ್ಲಿ ಸೊಂಟ ಉಳಿದದ್ದೇ ಪುಣ್ಯವೆಂದರು ವೈದ್ಯರು.

ಗೋಡೆ ಬಿಚ್ಚಿ ನೋಡಿದಾಗ ಕಂಡದ್ದಿಷ್ಟು: ಬಿಸಿನೀರಿನ ಪೈಪಿನ ಒಂದು ಎಲ್ಬೋ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 4 ಲೀಟರಿಗೆ ಮಿಗಿಲು, ವರ್ಷಕ್ಕೆ 1500 ಲೀಟರಿಗೂ ಹೆಚ್ಚು ನೀರು. ಆ ನೀರು ಪೈಪನ್ನು ಹಿಡಿದು ಇಳಿದು ಚೌಕಟ್ಟಿನ ಅಡಿಯ ಮರವನ್ನು ನೆನೆಸಿ, ನೆಲದಡಿಯ ತುಂಬು ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಕೊಚ್ಚಿಕೊಂಡು ಹೋಗಿತ್ತು. ಟೈಲ್ಸಿನ ಕೆಳಗೆ ಇದ್ದದ್ದು ಬರೀ ಗಾಳಿ. ಎರಡು ಕಂಬಗಳ ಬುಡ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಕುಂಬಾಗಿತ್ತು. ಮಾಡು ಬೀಳದೆ ನಿಂತದ್ದು ಹೇಗೆಂದು ಆಚಾರಿಗೂ ಅರ್ಥವಾಗಲಿಲ್ಲ.

ಹಳೆಯ ಬಚ್ಚಲು ಏಕೆ ಬಾಳುತ್ತಿತ್ತು?

ಹಿರಿಯರ ಬಚ್ಚಲುಮನೆ ಕಲ್ಲು ಚಪ್ಪಡಿಯ ನೆಲದ್ದು. ಗೋಡೆಯೊಳಗೆ ಪೈಪು ಇರಲಿಲ್ಲ. ನೀರು ಹಂಡೆಯಿಂದ ಚೊಂಬಿಗೆ, ಚೊಂಬಿನಿಂದ ಮೈಗೆ, ಅಲ್ಲಿಂದ ಬಚ್ಚಲ ಕಂಡಿಗೆ. ಎಲ್ಲಿ ಸೋರಿದರೂ ಕಣ್ಣಿಗೆ ಕಾಣುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಬೆಳಿಗ್ಗೆ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಆ ಕಾವಿಗೆ ಜಡಿಮಳೆಯ ದಿನಗಳಲ್ಲೂ ಗೋಡೆ, ಮರ, ಮಾಡು ಒಣಗುತ್ತಿದ್ದವು. ಹಂಚಿನ ಸಂದಿಯಿಂದ ಹಬೆ, ಹೊಗೆ ಎರಡೂ ಹೊರಗೆ ಹೋಗುತ್ತಿದ್ದವು.

ಈಗ ಗೀಸರು ಅಥವಾ ಸೋಲಾರಿನ ಬಿಸಿನೀರು ಬರುತ್ತದೆ, ಒಣಗಿಸುವ ಬೆಂಕಿ ಇಲ್ಲ. ಹಬೆ ಹೆಚ್ಚು, ಕಿಟಕಿ ಚಿಕ್ಕದು. ಪೈಪು ಗೋಡೆಯೊಳಗೆ ಅಡಗಿದೆ. ಕೊಳವೆಯೂ ತೂಬೂ ಟೈಲ್ಸಿನ ಕೆಳಗೆ. ಅನುಕೂಲವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೆಂಕಿ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಬೇರೆ ರೀತಿಯಲ್ಲಿ ಮಾಡಬೇಕೆಂಬುದು ನೆನಪಿರಲಿ.

ಕುಂಬು ಎಂದರೇನು?

ಮರ ಕುಂಬಾಗುವುದು ನೀರಿನಿಂದಲೇ ಎಂದು ಹಲವರ ಎಣಿಕೆ. ವಾಸ್ತವವಾಗಿ ಅದು ಶಿಲೀಂಧ್ರದ ಕೆಲಸ. ನೀರು ಅದಕ್ಕೆ ದಾರಿ ಮಾಡಿಕೊಡುತ್ತದೆ. ಮರದ ತೇವ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಈ ಶಿಲೀಂಧ್ರ ಬೆಳೆಯಲಾರದು. ತೇವ ಶೇಕಡ 28-30ರ ಆಸುಪಾಸು ತಲುಪಿ ಅಲ್ಲೇ ನಿಂತರೆ ಚೆನ್ನಾಗಿ ಬೆಳೆಯುತ್ತದೆ. ಕಾಫಿ ಬೀಜವನ್ನು ನಾವು ಶೇಕಡ 10-11ರ ತೇವಕ್ಕೆ ಒಣಗಿಸಿ ಚೀಲ ತುಂಬುವುದು ಬೂಸಲು ಬಾರದಿರಲೆಂದೇ. ಮರದ ನ್ಯಾಯವೂ ಅದೇ. ಹಸಿ ಮರಕ್ಕೆ ಒರಲೆ, ಅಂದರೆ ಗೆದ್ದಲು, ಬರುವುದೂ ಸುಲಭ.

ಆದುದರಿಂದ ದುರಸ್ತಿಯ ಮೂಲಸೂತ್ರ ಒಂದೇ. ಮೊದಲು ನೀರಿನ ಮೂಲ ನಿಲ್ಲಿಸಬೇಕು, ನಂತರ ಒಣಗಿಸಬೇಕು, ಆಮೇಲೆ ಕೆಟ್ಟದ್ದನ್ನು ಕತ್ತರಿಸಬೇಕು, ಕೊನೆಗೆ ಹೊಸದು ಕಟ್ಟಬೇಕು. ಈ ಕ್ರಮ ತಪ್ಪಿಸಿ ಮಾಡಿದ ಕೆಲಸಕ್ಕೆ ಹಾಕಿದ ಹಣ ಬಚ್ಚಲ ನೀರಿನ ಜೊತೆಗೇ ಹೋಗುತ್ತದೆ. ನಾನು 2022ರಲ್ಲಿ ಮಾಡಿದ್ದು ಅದನ್ನೇ. ಕಾಯಿ ಉದುರಿದ ಮೇಲೆ ಕೊಳೆರೋಗಕ್ಕೆ ಔಷಧಿ ಹೊಡೆದ ಹಾಗೆ.

ಲಕ್ಷಣಗಳನ್ನು ಗುರುತಿಸುವುದು

1. ಟೈಲ್ಸ್ ಅಥವಾ ಕಲ್ಲನ್ನು ಮರದ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಶಬ್ದ ಬಂದರೆ ಸರಿ. ಟೊಳ್ಳು ಶಬ್ದ ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಒಂದೆರಡು ಟೈಲ್ಸ್ ಮಾತ್ರ ಟೊಳ್ಳಾಗಿದ್ದರೆ ಅಂಟಿಸಿದ ದೋಷವಿರಬಹುದು. ಒಂದೇ ಕಡೆ ನಾಲ್ಕಾರು ಇದ್ದರೆ ಕೆಳಗಿನ ಮಣ್ಣು ಕುಸಿದಿದೆಯೆಂದು ತಿಳಿಯಿರಿ.

2. ದಾರಂದದ ಬುಡ, ಕಂಬದ ಬುಡ, ಕಿಟಕಿಯ ಕೆಳಮರ, ಇವನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಿ. ಒಳ್ಳೆಯ ಮರಕ್ಕೆ ಮೊನೆ ಇಳಿಯುವುದಿಲ್ಲ. ಕಾಲು ಅಂಗುಲ ಸಲೀಸಾಗಿ ಇಳಿದರೆ ಕುಂಬು ಹಿಡಿದಿದೆ. ಬಣ್ಣ ಚೆನ್ನಾಗಿದೆಯೆಂದು ಮೋಸಹೋಗಬೇಡಿ.

3. ಬಚ್ಚಲಿನ ಗೋಡೆಯ ಆಚೆ ಮಗ್ಗುಲು, ಅಂದರೆ ಮಲಗುವ ಕೋಣೆಯ ಕಡೆ, ಬಣ್ಣ ಗುಳ್ಳೆ ಎದ್ದಿದೆಯೆ, ಬಿಳಿ ಉಪ್ಪು ಕಟ್ಟಿದೆಯೆ, ಒರಲೆಯ ಮಣ್ಣಿನ ಗೆರೆ ಇದೆಯೆ ನೋಡಿ. ರೋಗದ ಗುರುತು ಹೆಚ್ಚಾಗಿ ಈ ಕಡೆಯೇ ಮೊದಲು ಕಾಣುವುದು.

4. ಬಾಗಿಲು ಮುಚ್ಚಿಟ್ಟು ಬೆಳಿಗ್ಗೆ ತೆರೆದಾಗ ಅಣಬೆಯಂತಹ ವಾಸನೆ ಬಂದರೆ, ಎಲ್ಲೋ ಒಂದು ಕಡೆ ಮರ ಸದಾ ಹಸಿಯಾಗಿದೆ.

ನೀರಿನ ಮೂಲ ಹುಡುಕುವುದು

ಬಚ್ಚಲಿನ ಗೋಡೆ ನೆಲಗಳಿಗೆ ನೀರು ಬರುವುದು ಮೂರು ದಾರಿಗಳಿಂದ. ಒತ್ತಡದ ಪೈಪಿನಿಂದ ಬಂದರೆ ಹಗಲೂ ರಾತ್ರಿಯೂ ಹಸಿ. ನೆಲ ಅಥವಾ ತೂಬಿನಿಂದಾದರೆ ಸ್ನಾನವಾದ ಮೇಲೆ ಹೆಚ್ಚು. ಮಾಡು ಅಥವಾ ಹೊರಗಿನ ನೆಲದಿಂದಾದರೆ ಮಳೆಗಾಲದಲ್ಲಿ ಮಾತ್ರ. ಈ ಒಂದು ಗಮನಿಕೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಪೈಪನ್ನು ಪರೀಕ್ಷಿಸಲು, ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಕಡ್ಡಿಯಿಂದ ಗುರುತು ಮಾಡಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ನಮ್ಮ ಮನೆಯ ಹಾಗೆ ಸೋರಿಕೆ ಸಣ್ಣದಾದರೆ ದೊಡ್ಡ ಟ್ಯಾಂಕಿನಲ್ಲಿ ಒಂದು ರಾತ್ರಿಗೆ ತಿಳಿಯದು. ಆಗ ಬಚ್ಚಲಿಗೆ ಹೋಗುವ ಗೇಟ್‌ವಾಲ್ವನ್ನು ಎರಡು ಮೂರು ದಿನ ಮುಚ್ಚಿಟ್ಟು, ಬಕೆಟಿನಲ್ಲಿ ನೀರು ತಂದು ಬಳಸಿ, ಗೋಡೆಯ ಹಸಿ ಇಳಿಯುತ್ತದೆಯೆ ನೋಡಬೇಕು.

ನೆಲವನ್ನು ಪರೀಕ್ಷಿಸಲು, ತೂಬಿಗೆ ಹಳೆಯ ಬಟ್ಟೆ ತುರುಕಿ, ಎರಡು ಅಂಗುಲ ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ. ಒಂದು ದಿನ ಬಿಟ್ಟು ಹೊರಗಿನ ಅಡಿಪಾಯದಲ್ಲಿಯೋ ಪಕ್ಕದ ಕೋಣೆಯಲ್ಲಿಯೋ ನೀಲಿ ಕಂಡರೆ ದಾರಿ ಸಿಕ್ಕಂತೆಯೇ. ನೆಲ ಟೊಳ್ಳಾಗಿದೆಯೆಂದು ಅನುಮಾನವಿದ್ದರೆ ಈ ಪರೀಕ್ಷೆ ಮಾಡಬೇಡಿ. ನೀರಿನ ಭಾರಕ್ಕೆ ಮತ್ತಷ್ಟು ಕುಸಿಯಬಹುದು.

ಮಳೆ ನೀರಿನ ಮಾತು ಬೇರೆ. ಆಗುಂಬೆಯ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಇಂಥ ಸೀಮೆಯಲ್ಲಿ ಮಾಡಿನ ನೀರು ಗೋಡೆಯ ಬುಡಕ್ಕೇ ಬಿದ್ದರೆ ಬಚ್ಚಲಿನ ಒಳಗೆ ಎಷ್ಟು ದುರಸ್ತಿ ಮಾಡಿದರೂ ವ್ಯರ್ಥ. ಮೊದಲು ಹಂಚು ಸರಿಪಡಿಸಿ, ದಂಬೆ ಕಟ್ಟಿ, ಅಂಗಳದ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗುವಂತೆ ಮಾಡತಕ್ಕದ್ದು.

ಬಿಚ್ಚುವ ಮುಂಚೆ ಎಚ್ಚರಿಕೆ

ಗೋಡೆಯ ಮೇಲೆ ಪಕಾಸು, ತೊಲೆ ಅಥವಾ ಅಟ್ಟ ಕೂತಿದ್ದರೆ, ಒಂದು ಇಟ್ಟಿಗೆ ತೆಗೆಯುವುದಕ್ಕೂ ಮೊದಲೇ ಆಸರೆ ಕೊಡಬೇಕು. ಪಕಾಸುಗಳ ಕೆಳಗೆ ಅಡ್ಡಲಾಗಿ ಗಟ್ಟಿ ಮರವೊಂದನ್ನು ಹಿಡಿದು, ಅದರಡಿ ಎರಡು ಮೂರು ಕಂಬಗಳನ್ನು ದಪ್ಪ ಹಲಗೆಯ ಮೇಲೆ ನಿಲ್ಲಿಸಿ, ಬೆಣೆ ಬಡಿದು ಬಿಗಿಗೊಳಿಸಬೇಕು. ಭಾರ ಹೊರುವಷ್ಟು ಬಿಗಿ ಸಾಕು. ಜೀಪಿನ ಜಾಕು ಕೊಟ್ಟು ಎತ್ತಲು ಹೋದರೆ ಹಂಚು ಒಡೆದು ಗೋಡೆ ಬಿರುಕು ಬಿಡುತ್ತದೆ. ಎಷ್ಟು ಭಾರ ಕೂತಿದೆಯೆಂದು ಗೊತ್ತಾಗದಿದ್ದರೆ ಅನುಭವಸ್ಥ ಆಚಾರಿಯನ್ನು ಕೇಳಿಯೇ ಮುಂದುವರಿಯಿರಿ.

ಗೀಸರು ಮತ್ತು ದೀಪದ ವಿದ್ಯುತ್ತನ್ನು ಮೈನ್‌ನಲ್ಲಿಯೇ ತೆಗೆಯಿರಿ. ಹಸಿ ಗೋಡೆಯೊಳಗಿನ ತಂತಿ ಯಾವಾಗಲೂ ಅಪಾಯ.

ಒಣಗಿಸುವುದು

ಮೇಸ್ತ್ರಿಯೂ ನಾವೂ ಅವಸರ ಮಾಡುವುದು ಇಲ್ಲಿಯೇ. ಕೆಟ್ಟ ಗಾರೆ, ಟೈಲ್ಸ್, ಹಸಿ ಮಣ್ಣು ತೆಗೆದು, ಬಾಗಿಲು ಕಿಟಕಿ ತೆರೆದಿಟ್ಟು, ಬೇಕಾದರೆ ಫ್ಯಾನ್ ಹಚ್ಚಿ ಗಾಳಿಯಾಡಲು ಬಿಡಬೇಕು. ಬೇಸಿಗೆಯ ಬಿಸಿಲಿನಲ್ಲಿ ನಮ್ಮ ಚೌಕಟ್ಟು ಒಣಗಲು ಮೂರು ವಾರ ಹಿಡಿಯಿತು. ದಪ್ಪ ಮಣ್ಣಿನ ಗೋಡೆಗೆ ಇನ್ನೂ ಹೆಚ್ಚು ಬೇಕು. ಬೆಂಕಿ ಹಾಕಿ ಒಣಗಿಸಬೇಡಿ. ಮರ ಸೀಳುತ್ತದೆ.

ನಮ್ಮ ಸಂಘದಲ್ಲಿರುವ ತೇವಮಾಪಕವನ್ನು ಒಬ್ಬರು ಇದಕ್ಕಾಗಿ ಕೇಳಿದರು. ಅದು ಕಾಫಿ ಬೀಜಕ್ಕೆ ಮಾಡಿದ್ದು, ಮರಕ್ಕೆ ಉಪಯೋಗವಿಲ್ಲ. ಮರಕ್ಕೆ ಬೇರೆಯೇ ಮಾಪಕವಿದೆ. ಅದಿಲ್ಲದಿದ್ದರೆ ಸುಲಭ ಉಪಾಯ ಇದು: ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೋ ಗೋಡೆಗೋ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲ.

ಕುಂಬಾದ ಮರ ಕತ್ತರಿಸಿ ಜೋಡಿಸುವುದು

ಚೌಕಟ್ಟಿನಲ್ಲಿ ನೆಲದುದ್ದಕ್ಕೆ ಮಲಗಿಸಿದ ಮರವನ್ನು ಇಲ್ಲಿ ಅಡಿಮರ ಎನ್ನೋಣ. ಕಂಬಗಳು ಅದರ ಮೇಲೆ ನಿಲ್ಲುತ್ತವೆ. ಮೊದಲು ಕೆಡುವುದು ಅಡಿಮರ, ಆಮೇಲೆ ಕಂಬದ ಬುಡ. ಮೇಲಿನ ಭಾಗ ಬಹಳ ಸಲ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ಇಡೀ ಗೋಡೆ ಕೆಡವಬೇಕಾಗಿಲ್ಲ.

ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಮೇಲೆ ಹೋಗಿ, ಮೆದು ಭಾಗ ಮುಗಿದ ಗುರುತಿನಿಂದ ಇನ್ನೂ ಒಂದು ಅಡಿ ಮೇಲೆ ಕತ್ತರಿಸಿ. ಕಣ್ಣಿಗೆ ಗಟ್ಟಿಯಾಗಿ ಕಂಡರೂ ಶಿಲೀಂಧ್ರದ ಎಳೆ ಅಲ್ಲಿಯವರೆಗೆ ಹಬ್ಬಿರಬಹುದು. ರೋಗ ಬಿದ್ದ ಕೊಂಬೆಯನ್ನು ಹಸಿರು ಭಾಗ ಸೇರಿಸಿ ಕತ್ತರಿಸುವುದಿಲ್ಲವೆ, ಹಾಗೆಯೇ. ಕತ್ತರಿಸಿದ ಮರವನ್ನು ಮನೆಯ ಸುತ್ತ ಬಿಡದೆ ಸುಟ್ಟುಬಿಡಿ.

ಹೊಸ ತುಂಡನ್ನು ಹಳೆಯ ಕಂಬಕ್ಕೆ ಅರ್ಧರ್ಧ ಕೊರೆದು ಒಂದರ ಮೇಲೊಂದು ಕೂರುವಂತೆ ಜೋಡಿಸಬೇಕು. ಜೋಡಣೆಯ ಉದ್ದ ಕಂಬದ ದಪ್ಪದ ಮೂರು ಪಟ್ಟಾದರೂ ಇರಲಿ. ಎರಡು ಅಥವಾ ಹೆಚ್ಚು ಬೋಲ್ಟು ಹಾಕಬೇಕು. ಬೋಲ್ಟು ತುಕ್ಕು ಹಿಡಿಯದ ಸ್ಟೀಲಿನದೋ ಸತು ಲೇಪದ್ದೋ ಆಗಬೇಕು. ಬರೀ ಮೊಳೆ ಸಾಲದು.

ಮರದ ಆಯ್ಕೆಯಲ್ಲಿ ಒಂದು ಮಾತು. ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಕಡಿಯುವುದಕ್ಕೂ ಸುಲಭ. ಆದರೆ ಹಸಿ ಜಾಗಕ್ಕೆ ಅದು ಬೇಡ. ಕುಂಬೂ ಒರಲೆಯೂ ಅದಕ್ಕೆ ಬೇಗ ತಗಲುತ್ತವೆ. ಸಾಗುವಾನಿ, ಹೊನ್ನೆ, ಹಲಸು ಇವುಗಳ ಚೇಗು ಒಳ್ಳೆಯದು. ಯಾವ ಮರವಾದರೂ ಹೊರಗಿನ ಬಿಳಿ ಭಾಗ ಉಪಯೋಗಿಸಬಾರದು. ಸ್ವಂತ ಜಮೀನಿನದಾದರೂ ಸಾಗುವಾನಿ, ಹೊನ್ನೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ಸದಸ್ಯರಿಗೆ ತಿಳಿದೇ ಇದೆ. ಎರಡು ಮೂರು ತುಂಡಿಗಾಗಿ ತೊಂದರೆಗೆ ಸಿಕ್ಕಿಕೊಳ್ಳುವುದಕ್ಕಿಂತ ರಸೀದಿಯೊಂದಿಗೆ ಒಣ ಮರ ಕೊಳ್ಳುವುದೇ ಲೇಸು.

ಹೊಸ ಅಡಿಮರವನ್ನು ಮತ್ತೆ ನೆಲಕ್ಕೇ ಕೂರಿಸಬೇಡಿ. ಹಳೆಯ ಮನೆಗಳಲ್ಲಿ ಪ್ರತಿ ಮುಂಡಿಗೆಯ ಕೆಳಗೂ ಒಂದು ಕಲ್ಲು ಇರುವುದನ್ನು ನೋಡಿ. ಅಲಂಕಾರಕ್ಕಾಗಿ ಇಟ್ಟದ್ದಲ್ಲ ಅದು. ನೆಲಮಟ್ಟದಿಂದ ಆರು ಅಂಗುಲ ಎತ್ತರಕ್ಕೆ ಕಲ್ಲಿನದೋ ಕಾಂಕ್ರೀಟಿನದೋ ಕಟ್ಟೆ ಕಟ್ಟಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಅಥವಾ ಟಾರ್ ಹಾಳೆ ಹಾಸಿ ಅಡಿಮರ ಇಡಬೇಕು. ಬಚ್ಚಲಿನ ಬಾಗಿಲಿಗಂತೂ ಕಲ್ಲಿನ ದಾರಂದವೇ ಉತ್ತಮ. ನಾನು ಈಗ ಅದನ್ನೇ ಹಾಕಿಸಿದ್ದೇನೆ.

ಮರಕ್ಕೆ ಔಷಧಿ

ಉಳಿದ ಬೋರ್ಡೋ ದ್ರಾವಣವನ್ನು ದಾರಂದಕ್ಕೆ ಬಳಿಯಬಹುದೆ ಎಂದು ಹಲವರು ಕೇಳುತ್ತಾರೆ. ಮೈಲುತುತ್ತ ಶಿಲೀಂಧ್ರಕ್ಕೆ ವಿಷವೇನೋ ಸರಿ. ಕಾರ್ಖಾನೆಯಲ್ಲಿ ಮರಕ್ಕೆ ಒತ್ತಡದಿಂದ ತುಂಬುವ ಕೆಲವು ಔಷಧಿಗಳಲ್ಲಿ ಅದೂ ಸೇರಿದೆ. ಆದರೆ ಬೋರ್ಡೋ ಮರದ ಒಳಗೆ ಇಳಿಯುವುದಿಲ್ಲ, ಮೇಲೆ ನೀಲಿ ಪುಡಿಯಾಗಿ ಕೂತು ಉದುರುತ್ತದೆ. ಮೈಲುತುತ್ತದ ನೀರನ್ನೇ ಬಳಿದರೆ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ.

ಇದಕ್ಕಿಂತ ಬೋರಾನ್ ಒಳ್ಳೆಯದು. ಒಂದು ಲೀಟರ್ ಬಿಸಿನೀರಿಗೆ 20 ಗ್ರಾಂ ಬೋರಿಕ್ ಆಸಿಡ್ ಮತ್ತು 30 ಗ್ರಾಂ ಬಿಳಿಗಾರ (ಬೋರಾಕ್ಸ್) ಕರಗಿಸಿ, ಉಳಿಸಿಕೊಂಡ ಹಳೆಯ ಮರಕ್ಕೂ ಹೊಸ ಮರದ ಕೊಯ್ದ ತುದಿಗಳಿಗೂ ಬ್ರಷ್ಷಿನಿಂದ ಮೂರು ನಾಲ್ಕು ಸಲ ಚೆನ್ನಾಗಿ ಕುಡಿಸಬೇಕು. ಇದು ನೀರಿನಲ್ಲಿ ತೊಳೆದುಹೋಗುವ ವಸ್ತುವಾದ್ದರಿಂದ ಒಣಗಿದ ಮೇಲೆ ಬಣ್ಣ ಹೊಡೆಯಲೇಬೇಕು. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಒರಲೆಗೆ ಹಿಂದೆ ಬಿ.ಎಚ್.ಸಿ., ಆಲ್ಡ್ರಿನ್ ಸುರಿಯುತ್ತಿದ್ದರು. ಅವು ಈಗ ನಿಷೇಧವಾಗಿವೆ, ಹಳೆಯ ಡಬ್ಬ ಉಗ್ರಾಣದ ಮೂಲೆಯಲ್ಲಿದ್ದರೂ ಮುಟ್ಟಬೇಡಿ. ತೋಟಕ್ಕೆ ತಂದ ಕೀಟನಾಶಕವನ್ನೂ ಮನೆಯ ನೆಲಕ್ಕೆ ಸುರಿಯಬಾರದು. ಪರವಾನಗಿ ಇರುವವರಿಂದಲೇ ಮಾಡಿಸಿ. ಬಾವಿ ಹತ್ತಿರವಿದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಿ.

ನೆಲ ಮಾಡುವುದು

ಕುಸಿದ ಕಡೆ ಹಸಿ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಯಿರಿ. ಜಲ್ಲಿ ಮಿಶ್ರಿತ ಒಣ ಮಣ್ಣನ್ನು ಆರಾರು ಅಂಗುಲದ ಪದರವಾಗಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಕೂರಿಸಬೇಕು. ಒಂದೇ ಸಲಕ್ಕೆ ತುಂಬಿ ಮೇಲಿನಿಂದ ಬಡಿದರೆ ಅಡಿ ಸಡಿಲವಾಗಿಯೇ ಉಳಿಯುತ್ತದೆ. ಇದರ ಮೇಲೆ ನಾಲ್ಕು ಅಂಗುಲ ಕಾಂಕ್ರೀಟು.

ಪೈಪಿನ ಕೆಲಸ ಈ ಹಂತಕ್ಕೆ ಮುಗಿದಿರಬೇಕು. ಹಳೆಯ ಜಿ.ಐ. ಪೈಪು ತೆಗೆದು ಬಿಸಿನೀರಿಗೆ ಸಿ.ಪಿ.ವಿ.ಸಿ. ಹಾಕಿಸಿ. ಸಾಧಾರಣ ಪಿ.ವಿ.ಸಿ. ಬಿಸಿನೀರಿಗೆ ಆಗದು. ಸಾಧ್ಯವಾದರೆ ಪೈಪನ್ನು ಗೋಡೆಯ ಹೊರಗೇ ಕ್ಲಾಂಪು ಹಾಕಿ ಒಯ್ಯಿರಿ. ನೋಡಲು ಅಷ್ಟು ಚಂದವಿಲ್ಲ, ಆದರೆ ಹನಿ ಬಿದ್ದ ದಿನವೇ ತಿಳಿಯುತ್ತದೆ.

ಇಳಿಜಾರು ಅಡಿಗೆ ಕಾಲು ಅಂಗುಲದಂತೆ ತೂಬಿನ ಕಡೆಗೆ ಇರಬೇಕು. ಇದನ್ನು ಕಾಂಕ್ರೀಟಿನಲ್ಲೇ ಕೊಡಬೇಕು, ಟೈಲ್ಸ್ ಕೂರಿಸುವಾಗ ಸರಿಮಾಡುತ್ತೇನೆಂದರೆ ಒಪ್ಪಬೇಡಿ. ತೂಬಿನ ನಾನಿ ಟ್ರ್ಯಾಪ್ ಸುತ್ತ ಸಂದಿ ಬಿಡದೆ ಕಾಂಕ್ರೀಟು ತುಂಬಿಸಿ. ಹೆಚ್ಚಿನ ಬಚ್ಚಲುಗಳು ಸೋರುವುದು ಈ ಒಂದು ಅಂಗುಲದ ಜಾಗದಲ್ಲಿ.

ಕಾಂಕ್ರೀಟಿಗೆ ಒಂದು ವಾರ ನೀರುಣಿಸಿ. ಅನಂತರ ಗೋಡೆಯೂ ನೆಲವೂ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ, ವಾಟರ್‌ಪ್ರೂಫ್ ಲೇಪವನ್ನು ಎರಡು ಸಲ, ಒಂದಕ್ಕೊಂದು ಅಡ್ಡಲಾಗಿ ಹೊಡೆಸಬೇಕು. ಲೇಪ ನೆಲಕ್ಕೇ ನಿಲ್ಲದೆ ಗೋಡೆಯ ಮೇಲೆ ಒಂದು ಅಡಿ, ಮೈಮೇಲೆ ನೀರು ಸುರಿದುಕೊಳ್ಳುವ ಕಡೆ ಆರು ಅಡಿ ಏರಬೇಕು. ಟೈಲ್ಸೇ ನೀರು ತಡೆಯುತ್ತದೆಯೆಂಬುದು ತಪ್ಪು ಕಲ್ಪನೆ. ಟೈಲ್ಸಿನ ಸಂದಿಯಿಂದ ನೀರು ಇಳಿದೇ ಇಳಿಯುತ್ತದೆ, ಕೆಳಗಿನ ಲೇಪ ಅದನ್ನು ತಡೆಯುತ್ತದೆ.

ಲೇಪ ಒಣಗಿದ ಮೇಲೆ ತೂಬು ಮುಚ್ಚಿ 48 ಗಂಟೆ ನೀರು ಕಟ್ಟಿ ನೋಡಿ. ಈ ಪರೀಕ್ಷೆ ಪಾಸಾದ ಮೇಲೆಯೇ ಟೈಲ್ಸ್. ಎರಡು ದಿನ ಸುಮ್ಮನೆ ಹೋಗುತ್ತದೆಂದು ಮೇಸ್ತ್ರಿ ಗೊಣಗಬಹುದು. ಆ ಎರಡು ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ನುಣುಪು ಟೈಲ್ಸ್ ಬೇಡ, ತರಿಯಾದದ್ದು ಹಾಕಿಸಿ. ಗೋಡೆಗೆ ಒಂದು ಸ್ಟೀಲಿನ ಹಿಡಿಯನ್ನೂ ಕೂರಿಸಿ.

ಗೋಡೆ ಮುಚ್ಚುವುದು

ಮರದ ಚೌಕಟ್ಟಿನ ಮೇಲೆ ಪ್ಲೈವುಡ್ ಹೊಡೆದು ಟೈಲ್ಸ್ ಅಂಟಿಸಬೇಡಿ. ಸಿಮೆಂಟ್ ಬೋರ್ಡ್ ಹಾಕಿ, ಅದರ ಕೆಳ ಅಂಚು ನೆಲಕ್ಕೆ ತಾಗದಂತೆ ಕಾಲು ಅಂಗುಲ ಬಿಟ್ಟು, ಅದರ ಮೇಲೆ ಲೇಪ ಕೊಡಬೇಕು. ಗೋಡೆಯ ಆಚೆ ಮಗ್ಗುಲಿನಲ್ಲಿ ಬಿಚ್ಚಬಹುದಾದ ಒಂದು ಹಲಗೆ ಇಟ್ಟರೆ ಒಳಗಿನ ಮರವನ್ನು ವರ್ಷಕ್ಕೊಮ್ಮೆ ನೋಡಬಹುದು.

ಮಣ್ಣಿನ ಗೋಡೆಗೆ ಎರಡೂ ಕಡೆ ಸಿಮೆಂಟು ಗಾರೆ ಮಾಡಿಸಿದರೆ ಒಳಗಿನ ತೇವಕ್ಕೆ ಹೊರಡಲು ದಾರಿಯಿರುವುದಿಲ್ಲ. ಬಚ್ಚಲಿನ ಬದಿ ಲೇಪ, ಟೈಲ್ಸ್ ಇರಲಿ. ಆಚೆ ಬದಿ ಸುಣ್ಣದ ಗಾರೆಯನ್ನೋ ಮಣ್ಣಿನ ಗಾರೆಯನ್ನೋ ಉಳಿಸಿಕೊಂಡು ಸುಣ್ಣ ಬಳಿಯಿರಿ. ಗೋಡೆ ಉಸಿರಾಡುತ್ತದೆ.

ಬಚ್ಚಲಿಗೆ ಮೇಲೊಂದು ಕೆಳಗೊಂದು ಗಾಳಿಕಂಡಿ ಇದ್ದರೆ ಹಬೆ ತಾನೇ ಹೊರಡುತ್ತದೆ. ಮಳೆಗಾಲದಲ್ಲಿ ಅದು ಸಾಲದೆ ಬರುವುದರಿಂದ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಸ್ನಾನದ ನಂತರ ಅರ್ಧ ಗಂಟೆ ತಿರುಗಲು ಬಿಡಿ.

ಉಪ್ಪರಿಗೆಯ ಬಚ್ಚಲು

ಹಳೆಯ ಮನೆಗಳ ಉಪ್ಪರಿಗೆಯಲ್ಲಿ, ಮರದ ಮುಚ್ಚಿಗೆಯ ಮೇಲೆ, ಇತ್ತೀಚೆಗೆ ಬಚ್ಚಲು ಮಾಡಿಸಿಕೊಂಡವರು ಕೆಲವರಿದ್ದಾರೆ. ಅವರು ಈ ವಾರವೇ ಕೆಳಗಿನ ಕೋಣೆಯಲ್ಲಿ ನಿಂತು ಮುಚ್ಚಿಗೆಯನ್ನು ನೋಡಲಿ. ಕಲೆ ಇದ್ದರೆ, ಹಲಗೆ ಜೋತಿದ್ದರೆ, ಜಂತಿಯ ತುದಿ ಗೋಡೆಯೊಳಗೆ ಹೋಗುವಲ್ಲಿ ಕಪ್ಪಾಗಿದ್ದರೆ, ಮೇಲಿನ ಬಚ್ಚಲನ್ನು ಉಪಯೋಗಿಸುವುದನ್ನು ಅಂದೇ ನಿಲ್ಲಿಸಿ ಇಂಜಿನಿಯರಿಗೆ ತೋರಿಸತಕ್ಕದ್ದು. ಇದು ಮೇಸ್ತ್ರಿಯೊಬ್ಬನೇ ತೀರ್ಮಾನಿಸುವ ಕೆಲಸವಲ್ಲ.

ಖರ್ಚು ಮತ್ತು ಕಾಲ

ನಮ್ಮ ಮನೆಯಲ್ಲಿ ಒಣಗಲು ಬಿಟ್ಟ ದಿನಗಳನ್ನು ಬಿಟ್ಟು ಮೇಸ್ತ್ರಿಗೆ ಒಂಬತ್ತು ದಿನ, ಆಚಾರಿಗೆ ಐದು ದಿನ, ಪ್ಲಂಬರಿಗೆ ಎರಡು ದಿನದ ಕೆಲಸ ಹಿಡಿಯಿತು. ತಾಯಿಯವರ ಆಸ್ಪತ್ರೆಯ ಖರ್ಚು ಬೇರೆ. ತಾಯಿಯವರು ಹೇಳಿದ ದಿನವೇ ಗೋಡೆ ಬಿಚ್ಚಿಸಿದ್ದರೆ ಒಂದು ಎಲ್ಬೋ, ಒಂದು ಅಡಿಮರ, ನಾಲ್ಕು ಟೈಲ್ಸಿನಲ್ಲಿ ಮುಗಿಯುತ್ತಿತ್ತೇನೋ. ಅವರ ಬಲಗೈಯ ಹಿಡಿತ ಇಂದಿಗೂ ಮೊದಲಿನಂತಿಲ್ಲ. ಆ ಲೆಕ್ಕ ಯಾವ ಖಾತೆಗೆ ಬರೆಯಬೇಕೋ ಕಾರ್ಯದರ್ಶಿಯಾದ ನನಗೂ ತಿಳಿಯದು.

ಕಾಫಿ ಕೊಯ್ಲು, ಅಡಕೆ ಸುಲಿತ ಮುಗಿದ ಮೇಲೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಕೆಲಸಕ್ಕೆ ತಕ್ಕ ಕಾಲ. ಮೇ ಮಧ್ಯಕ್ಕೆ ಎಲ್ಲ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಗೋಡೆ ಬಿಚ್ಚಿದರೆ ಒಣಗಿಸುವ ಮಾತೇ ಇಲ್ಲ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಪ್ರತಿ ವರ್ಷ ಕೊಳೆಗೆ ಮೊದಲ ಸಿಂಪಡಣೆಯ ಸಿದ್ಧತೆಗಾಗಿ ಮೈಲುತುತ್ತ, ಸುಣ್ಣ ತರಲು ಸಂಘಕ್ಕೆ ಬರುವ ಮುಂಚಿನ ದಿನ, ಒಂದು ಸ್ಕ್ರೂಡ್ರೈವರ್ ಹಿಡಿದು ಹತ್ತು ನಿಮಿಷ ಬಚ್ಚಲುಮನೆಯನ್ನು ಸುತ್ತಿ ಬನ್ನಿ. ದಾರಂದದ ಬುಡ ಚುಚ್ಚಿ, ನೆಲ ತಟ್ಟಿ, ಗೋಡೆಯ ಆಚೆ ಮಗ್ಗುಲು ನೋಡಿ. ಮನೆಯಲ್ಲಿ ಹಿರಿಯರೋ ಹೆಂಗಸರೋ “ಇಲ್ಲೇನೋ ಸರಿಯಿಲ್ಲ” ಎಂದರೆ ಕೊಯ್ಲಿನ ನೆಪ ಹೇಳದೆ ಅಂದೇ ಕೇಳಿ. ಬಚ್ಚಲನ್ನು ದಿನಾ ತೊಳೆಯುವವರ ಕಾಲಿಗೆ ತಿಳಿಯುವುದು ನಮ್ಮ ಕಣ್ಣಿಗೆ ತಿಳಿಯುವುದಿಲ್ಲ.

ಈ ಬಗ್ಗೆ ಸದಸ್ಯರ ಅನುಭವಗಳೇನಾದರೂ ಇದ್ದರೆ ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ. ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಸ್ಥಳ ಮಾಡಿಕೊಡಲಾಗುವುದು.

— ಕಾರ್ಯದರ್ಶಿ